ರೆಕ್ಕೆಯ ಮೇಲಿನ ನಂಬರು

ಮುಂದಿನ ಬಸ್ಸಿನ ನಂಬರ್ ಪ್ಲೇಟಿನ ಕೆಳಗೆ ಇನ್ನೂ ಸಣ್ಣದಾಗಿ ಏನೋ ಬರೆದಿದೆ, ಡಿಪೋದ ಹೆಸರಿರಬೇಕು, ಅದೂ ಓದಲು ಬರುತ್ತಿದೆ, ಆಟೋ ಅಷ್ಟು ಹತ್ತಿರ ಒತ್ತಿಕೊಂಡು ನಿಂತಿದೆ, ಕುಂದಲಹಳ್ಳಿ ಗೇಟಿನಲ್ಲಿ ಹತ್ತು ನಿಮಿಷದಿಂದ ಇದೇ ಬಸ್ಸು, ಇದೇ ಹೊಗೆ — ಅಂಕಿ ಓದಲು ಬಂತೆಂದರೆ ಹತ್ತಿರವಿದೆ ಎಂದರ್ಥ, ಬಸಲಿಂಗ ಹೇಳಿದ್ದೂ ಅದನ್ನೇ ಅಲ್ಲವೇ, ಬಾಗಲಕೋಟೆ ಕಡೆಯ ಹುಡುಗ, ನಮ್ಮ ಲ್ಯಾಬಿನ ಟೆಕ್ನಿಷಿಯನ್, ಕಳೆದ ಮಂಗಳವಾರ ಮೊದಲ ಹಾರಾಟದಲ್ಲಿ ಪೈಲಟ್ ಹಿಂದೆ ಪರದೆ ನೋಡುತ್ತ ಕೂತವನು, ಇಳಿದು ಸೀದಾ ನನ್ನ ಬಳಿ ಬಂದ, ಮೇಡಂ, ಕೆಳಗ ಹಾದು ಹೋತಲ್ರೀ ಆ ಪೈಲಟ್ ಇಲ್ಲದ ವಿಮಾನ, ಭಾಳ ಹತ್ತಿರ ಬಂದಿತ್ರೀ, ರೆಕ್ಕಿ ಮ್ಯಾಲಿನ ನಂಬರ್ ಓದಿದೆ ನಾ, ನಲವತ್ತೊಂದು. ನಾನು ನಕ್ಕೆ. ಪರದೆಯಲ್ಲಿ ಅಂತರ ಎಷ್ಟಿತ್ತು? ನೂರು ಮೀಟರ್ ಇತ್ರೀ. ಹಾಗಾದ್ರೆ ನೂರೇ ಕಣಪ್ಪ, ಮೇಲೆ ಹೋದ್ರೆ ಎಲ್ಲಾ ಹತ್ತಿರ ಕಾಣುತ್ತೆ. ಅವನು ಹೂಂ ಅಂದ, ಮೇಡಂ ಹೇಳಿದ ಮೇಲೆ ಮುಗಿಯಿತು, ಕ್ಯಾಂಟೀನಿಗೆ ಹೋದ.

ಕಣ್ಗಾವಲಿನ ವಿಮಾನ ಎರಡು ಬಗೆ, ಒಂದರಲ್ಲಿ ಮನುಷ್ಯರು, ಇನ್ನೊಂದರಲ್ಲಿ ಬರೀ ಯಂತ್ರ, ಇಷ್ಟು ವರ್ಷ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ, ಕಂಪನಿಗೊಂದು ಲಿಂಕು, ಲಿಂಕಿಗೊಂದು ಭಾಷೆ, ಅದಕ್ಕೇ ಸಮಿತಿ, ಅದಕ್ಕೇ ಇನ್ನೂರ ನಲವತ್ತು ಪುಟದ ನಿಯಮ, ಚಿತ್ರ ಹೀಗೆ ಕಳಿಸಬೇಕು, ಜಾಗ ಹೀಗೆ ಹೇಳಬೇಕು, ಎತ್ತರ ಹೀಗೆ — ಎತ್ತರದ ಪುಟ ಬರೆದವಳು ನಾನು, ಸಮಿತಿಯಲ್ಲಿ ಒಬ್ಬಳೇ ಹೆಂಗಸು, ಒಂದೊಂದು ಪದಕ್ಕೂ ಜಗಳವಾಡಿ ಎಲ್ಲರ ಬಾಯಲ್ಲಿ ಜಗಳಗಂಟಿ ಅನ್ನಿಸಿಕೊಂಡವಳು, ಬರೆದಿದ್ದೇನು, ಎತ್ತರ ಮೀಟರಿನಲ್ಲಿ. ಎಲ್ಲಿಂದ ಅಳೆದ ಮೀಟರು? ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ. ಲ್ಯಾಬಿನಲ್ಲಿ ಎರಡೂ ವಿಮಾನದ ಲಿಂಕಿನ ಪೆಟ್ಟಿಗೆ ಒಂದೇ ಮೇಜಿನ ಮೇಲೆ, ಎರಡನ್ನೂ ಮಾಡಿದವರು ನಾವೇ, ಎರಡಕ್ಕೂ ತಾರಸಿಯ ಮೇಲಿನ ಒಂದೇ ಆಂಟೆನಾ, ಉಪಗ್ರಹ ಹೇಳಿದ ಎತ್ತರವನ್ನು ಈ ಪೆಟ್ಟಿಗೆ ಆ ಪೆಟ್ಟಿಗೆಗೆ ಹೇಳಿತು, ಅದು ಇದಕ್ಕೆ, ವ್ಯತ್ಯಾಸ ಸೊನ್ನೆ, ಪಾಸ್, ಕೇಸರಿಬಾತ್ ಹಂಚಿದೆವು.

ಬೆಳಿಗ್ಗೆ ಅಪ್ಪನನ್ನು ಬಂಗಾರಪೇಟೆ ರೈಲು ಹತ್ತಿಸಲು ವೈಟ್‌ಫೀಲ್ಡ್ ಸ್ಟೇಷನ್ನಿಗೆ ಹೋಗದಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ, ಅಪ್ಪ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವನು, ನನಗೆ ಅಂಕಿ ಕಲಿಸಿದ್ದು ಸ್ಟೇಷನ್ನಿನ ಎತ್ತರ ಬರೆದ ಆ ಹಳದಿ ಬೋರ್ಡಿನಲ್ಲೇ, ಇವತ್ತೂ ಬಿಡಲಿಲ್ಲ, ನೋಡು ಮಾಲಕ್ಷ್ಮಿ, ಸಮುದ್ರಕ್ಕಿಂತ ಎಂಟ್ನೂರ ಎಪ್ಪತ್ತರ ಮೇಲೆ ಐತೆ ಈ ಸ್ಟೇಷನ್ನು, ಇಂಗೇ ಅಲ್ವಾ ನಿನಗೆ ಎಂಟು ಬರೆಯೋಕೆ ಏಳ್ಕೊಟ್ಟಿದ್ದು. ಹೂಂ ಅಪ್ಪ ಅಂದೆ. ರೈಲು ಹೋಯಿತು. ಆಟೋ ಹತ್ತಿದ ಮೇಲೆ ನೆನಪಾಯಿತು, ಹೂಡಿಯ ಲ್ಯಾಬಿನಲ್ಲಿ ಎರಡು ವರ್ಷದಿಂದ ಪರದೆಯ ಮೂಲೆಯಲ್ಲಿ ತಾರಸಿಯ ಆಂಟೆನಾದ ಎತ್ತರ, ಎಂಟುನೂರ ನಾಲ್ಕು, ದಿನಾ ನೋಡಿದ್ದೇನೆ, ನಾಲ್ಕನೇ ಮಹಡಿಯ ತಾರಸಿ ರೈಲ್ವೆ ಪ್ಲಾಟ್‌ಫಾರಮ್ಮಿಗಿಂತ ಕೆಳಗಂತೆ, ಹೂಡಿ ಏನು ಬಾವಿಯೊಳಗಿದೆಯೇ — ಉಪಗ್ರಹದ ಲೆಕ್ಕದ ಸೊನ್ನೆ ಬೇರೆ, ಸಮುದ್ರದ ಸೊನ್ನೆ ಬೇರೆ, ನಮ್ಮ ಸೀಮೆಯಲ್ಲಿ ಉಪಗ್ರಹದ ಸೊನ್ನೆ ಸಮುದ್ರದ್ದಕ್ಕಿಂತ ಎಂಬತ್ತಾರು ಮೀಟರ್ ಮೇಲಿದೆ, ಕಾಲೇಜಿನಲ್ಲಿ ಓದಿದ್ದು, ಗೊತ್ತಿದ್ದದ್ದು. ಬಸಲಿಂಗ ಕೂರುವ ವಿಮಾನ ಸಮುದ್ರದಿಂದ ಅಳೆಯುತ್ತದೆ, ಪೈಲಟ್ ಇಲ್ಲದ್ದು ಉಪಗ್ರಹವನ್ನು ನಂಬುತ್ತದೆ, ನೂರು ಮೀಟರ್ ಕೆಳಗಿದ್ದೇನೆ ಅಂದಾಗ ಅದು ನಿಜವಾಗಿ ಎಂಬತ್ತಾರು ಮೇಲೆ ಬಂದಿರುತ್ತದೆ, ನೂರರಲ್ಲಿ ಎಂಬತ್ತಾರು ಹೋದರೆ ಹದಿನಾಲ್ಕು. ಹದಿನಾಲ್ಕು ಎಂದರೆ ಹೆಚ್ಚುಕಡಿಮೆ ಈ ಬಸ್ಸಿನ ಉದ್ದ. ಹನ್ನೊಂದಕ್ಕೆ ಎರಡನೇ ಹಾರಾಟ, ಮತ್ತೆ ಬಸಲಿಂಗನೇ, ಗಾಳಿ ಬೇರೆ ಬೀಸುತ್ತಿದೆ.

ಅವನ ಮೊಬೈಲು ವಿಮಾನ ನೆಲೆಯ ಗೇಟಿನಲ್ಲಿ ಠೇವಣಿಯಾಗಿರುತ್ತದೆ, ಹಾರಾಟ ನೋಡಿಕೊಳ್ಳುವ ಮುನಿರಾಜು ಸಾರ್‌ಗೇ ಫೋನ್ ಮಾಡಬೇಕು, ಹತ್ತೂ ಮುಕ್ಕಾಲು, ಭಯ, ಭಯದ ಪಕ್ಕದಲ್ಲೇ ನಾಚಿಕೆ, ಯಾವುದು ದೊಡ್ಡದೆಂದು ಕೇಳಿದರೆ ನಾಚಿಕೆಯೇ, ಥೂ. ಹಾರಾಟ ನಿಲ್ಸಿ ಸಾರ್ ಅಂದೆ. ಏನ್ ಮೇಡಂ, ಪಾಸಾಗಿರೋ ಟೆಸ್ಟು, ದೆಹಲಿಯವರು ಬಂದು ಕೂತಿದ್ದಾರೆ, ಈಗ ನಿಲ್ಸಿ ಅಂದ್ರೆ ಏನಂತ ಹೇಳ್ಲಿ? ಎತ್ತರದ ಪುಟ ತಪ್ಪಾಗಿದೆ ಅಂತ ಹೇಳಿ ಸಾರ್. ಯಾರ್ದು ತಪ್ಪು? — ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದಾನೆ, ನೋಡಲಿ — ನಂದು ಸಾರ್, ಬರೆದಿದ್ದು ನಾನು, ನಂದೇ ತಪ್ಪು, ದಯವಿಟ್ಟು ಮೊದಲು ನಿಲ್ಸಿ. ಚಪ್ಪಲಿ ಸದ್ದು, ಓಡುತ್ತಿದ್ದಾರೆ, ಯಾರನ್ನೋ ಕೂಗಿದರು, ಒಂದು ನಿಮಿಷ, ಎರಡು, ಮೇಡಂ, ಇದ್ದೀರಾ, ಇಂಜಿನ್ ಶುರುವಾಗಿತ್ತು, ಆಫ್ ಮಾಡ್ಸಿದೆ, ಬಸಲಿಂಗ ಇಳ್ದ, ನೀವು ಬನ್ನಿ, ಇಲ್ಲಿ ಇದೆ ನಿಮ್ಗೆ.

ಇಳಿದ, ಸದ್ಯ, ಇಳಿದ, ಬೈಯಲಿ, ಸಮಿತಿಯಿಂದ ತೆಗೆಯಲಿ, ಇಳಿದನಲ್ಲ, ಸಾಕು, ಬಸ್ಸು ಹೊರಟಿತು, ಡಿಪೋದ ಹೆಸರು ಮೊದಲು ಮಸುಕಾಯಿತು, ಆಮೇಲೆ ನಂಬರ್ ಪ್ಲೇಟು, ಈಗ ಬರೀ ಕೆಂಪು, ನೂರು ಮೀಟರ್ ಇರಬಹುದು, ಏನೂ ಓದಲು ಬರುವುದಿಲ್ಲ, ಕಣ್ಣು ಕಿರಿದು ಮಾಡಿದರೂ ಇಲ್ಲ, ಮಂಗಳವಾರ ಮಾತ್ರ ಅವನನ್ನು ಯಾರೂ ಇಳಿಸಿರಲಿಲ್ಲ, ಮಂಗಳವಾರ ಅವನು ಮೇಲಿದ್ದ, ಕಿಟಕಿಗೆ ಮುಖ ಒತ್ತಿ ಕೆಳಗೆ ನೋಡುತ್ತಿದ್ದ, ನಾನು ನಕ್ಕಿದ್ದೆ — ಬಿಳಿ ರೆಕ್ಕೆ, ಕಪ್ಪು ಅಂಕಿ, ನಾಲ್ಕು, ಒಂದು.