ನಡುವಿನ ಗೆರೆ

ಚೆಂಡುಹೂವಿನ ಒಂದು ಎಸಳು ಆ ಕಪ್ಪು ಪೆಟ್ಟಿಗೆಯ ಗಾಳಿಕಿಂಡಿಯೊಳಕ್ಕೆ ಜಾರಿತೋ ಇಲ್ಲ ಅಂಚಿನಲ್ಲೇ ಸಿಕ್ಕಿಕೊಂಡಿದೆಯೋ, ಸೋಫಾದಲ್ಲಿ ಕೂತಲ್ಲಿಂದ ಕಿರಣನಿಗೆ ಕಾಣುವುದಿಲ್ಲ, ಕಾಣುವುದು ಹಳದಿಯ ಒಂದು ಚೂರು, ಅದರ ಕೆಳಗೆ ವಿಭೂತಿಯ ಬಿಳಿ ಪಟ್ಟೆ, ಪಟ್ಟೆಯ ಮೇಲೊಂದು ಕುಂಕುಮದ ಬೊಟ್ಟು — ಎಸಳು ಒಳಗೆ ಹೋದರೆ ಫ್ಯಾನಿಗೆ ಸಿಗುತ್ತದೆ, ಟೀವಿಗೆ ಜೋಡಿಸಿ ಆಡುವ ಹೊಸ ಕನ್ಸೋಲು, ಮನೆಗೆ ಬಂದು ಇನ್ನೂ ಒಂಬತ್ತು ದಿನ, ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗದಷ್ಟು ಮೆತ್ತಗೆ ತಿರುಗುವ ಫ್ಯಾನು ಅದರದು, ಅದರ ಹೊಟ್ಟೆಗೆ ಹೂವು, ಈ ಅಮ್ಮನಿಗೆ ಏನು ಹೇಳುವುದು, ಮಿಕ್ಸಿಗೆ ಇಟ್ಟಳು, ಫ್ರಿಜ್ಜಿಗೆ ಇಟ್ಟಳು, ಸರಿ, ಬೈಕಿಗೆ ಹಾರ, ಚಕ್ರದಡಿ ನಿಂಬೆಹಣ್ಣು, ಅದೂ ಸರಿ, ಆಯುಧಪೂಜೆ ಅಂದಮೇಲೆ ಮನೆಯ ಕಬ್ಬಿಣಕ್ಕೆಲ್ಲ ಒಂದು ದಿನ ದೇವರ ಪಟ್ಟ, ಆದರೆ ಇದಕ್ಕೆ ಯಾಕೆ, ಇದು ಆಯುಧವಲ್ಲ, ಆಟದ ಸಾಮಾನು — ಫೋನಿನಲ್ಲಿ ನಾಲ್ಕು ಗಂಟೆ ಏಳು ನಿಮಿಷ. ಹೊಸ ಫುಟ್‌ಬಾಲ್ ಆಟ ತೆರೆದುಕೊಳ್ಳುವುದು ನಾಲ್ಕೂವರೆಗೆ. ಏಳು ತಿಂಗಳು ಕಾದದ್ದು ದೊಡ್ಡದಲ್ಲ, ಈ ಇಪ್ಪತ್ತಮೂರು ನಿಮಿಷ ದೊಡ್ಡದು. ಏಳು ತಿಂಗಳ ಹಿಂದೆ ಗೆಳೆಯ ಚಂದ್ರು ಕುಣಿಗಲ್ಲಿನಿಂದ ಫೋನ್ ಮಾಡಿದ್ದ, ಲೇ ಕಿರಣ, ಟ್ರೇಲರ್ ನೋಡಿದ್ಯೇನ್ಲಾ, ಹುಲ್ಲು ನೋಡ್ಲಾ ಹುಲ್ಲು, ಒಂದೊಂದು ಗರಿನೂ ಬೇರೆ ಬೇರೆ ಅಲ್ಲಾಡ್ತದೆ, ಹಳೇ ಮಷೀನ್‌ನಾಗೆ ಹಸಿರು ಚಾಪೆ ಹಾಸ್ದಂಗಿತ್ತು, ಇದ್ರಾಗೆ ಆಡೋರ ಕತ್ತಿನ ಬೆವ್ರೂ ಕಾಣ್ತದಂತೆ ಕಣೋ — ಆವತ್ತಿನಿಂದ ಆ ಎರಡೂವರೆ ನಿಮಿಷದ ಟ್ರೇಲರನ್ನು ಎಷ್ಟು ಸಲ ನೋಡಿದನೋ, ತುಮಕೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ಚೆಂಡು ಬಲೆಗೆ ಬಡಿದಾಗ ಬಲೆಯ ಒಂದೊಂದು ಕಣ್ಣೂ ಹಿಗ್ಗಿ ಮತ್ತೆ ತನ್ನ ಜಾಗಕ್ಕೆ ಬರುವುದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದಾನೆ. ತುಮಕೂರಿನಲ್ಲಿ ಡಿಗ್ರಿ ಓದುವಾಗ ಮೂರು ವರ್ಷ ಒಂದೇ ರೂಮು, ಸ್ಟೇಷನ್ ಹಿಂದಿನ ಗೇಮಿಂಗ್ ಪಾರ್ಲರಿನಲ್ಲಿ ಪ್ರತಿ ವರ್ಷ ಹೊಸ ಆಟ ಬಂದ ಮೊದಲ ದಿನದ ಮೊದಲ ಮ್ಯಾಚು ಅವರಿಬ್ಬರದು, ಅದು ಹೇಗೋ ವ್ರತದ ಹಾಗೆ ನಡೆದುಬಂತು, ಈಗ ಅವನು ಕುಣಿಗಲ್ಲಿನಲ್ಲಿ, ಇವನು ಗುಬ್ಬಿಯಲ್ಲಿ, ಇಬ್ಬರ ಮನೆಯಲ್ಲೂ ಒಂದೊಂದು ಸ್ವಂತ ಪೆಟ್ಟಿಗೆ, ನಡುವೆ ಒಂದು ಕಾಣದ ತಂತಿ, ನಿನ್ನೆಯೇ ಹೇಳಿದ್ದಾನೆ, ನಾಕೂವರೆ ಅಂದ್ರೆ ನಾಕೂವರೆ ಕಣೋ, ಬರ್ದೇ ಇದ್ರೆ ಸಿಕ್ಕಿದೋನ ಜೊತೆ ಆಡ್ಬುಡ್ತೀನಿ, ಆಮೇಲೆ ಅಳಬ್ಯಾಡ.

ರಾತ್ರಿಯೇ ಆಟವೆಲ್ಲ ಡೌನ್‌ಲೋಡ್ ಆಗಿ ಮುಗಿದಿತ್ತು, ನೂರಕ್ಕೆ ನೂರು, ಬೀಗ ತೆಗೆಯುವ ಹೊತ್ತು ಬರುವುದಷ್ಟೇ ಬಾಕಿ. ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಗೋಡೆಯ ಸ್ವಿಚ್ಚು ಆರಿತ್ತು, ಪೆಟ್ಟಿಗೆಯ ಹಣೆಗೆ ವಿಭೂತಿ, ಅಮ್ಮ ಊದುಬತ್ತಿ ಬೆಳಗುತ್ತಿದ್ದಳು, ಮುಟ್‌ಬ್ಯಾಡ ಕಣಪ್ಪ, ಪೂಜೆಗೆ ಇಟ್ಟಿರೋದು, ನಾಳೆ ಬೆಳಿಗ್ಗೆ ಕದಲಿಸ್ತೀವಿ, ಅಲ್ಲೀಗಂಟ ಅದೂ ಸುಧಾರಿಸ್ಕಂಬ್ಲಿ. ಅಮ್ಮಾ ಅದು ಇವತ್ತೇ — ಇವತ್ತೇ ಏನು, ನಿಮ್ಮಪ್ಪ ಅಂಗಡೀಲಿ ಮೋಟ್ರು ಮುಟ್ತಾರಾ ಇವತ್ತು, ಸಿ.ಎಸ್. ಪುರದಿಂದ ರಿಪೇರಿಗೆ ತಂದೋರ್ನೂ ನಾಡಿದ್ದು ಬನ್ನಿ ಅಂದು ಕಳಿಸವ್ರೆ. ಚಂದ್ರುವಿಗೆ ಹೇಳಿದರೆ ನಗುತ್ತಾನೆ, ಹೇಳಿದ, ನಕ್ಕ, ನಿಮ್ಮಮ್ಮ ಗೋಲ್‌ಕೀಪರ್ರಿಗೂ ಕುಂಕುಮ ಇಟ್ಟವ್ರೇನ್ಲಾ, ಇಟ್ಟಿದ್ರೆ ಇವತ್ತು ಗೋಲ್ ಹೊಡ್ಯೋದು ಕಷ್ಟ ಬುಡು. ಈಗ ಅಮ್ಮ ಪಕ್ಕದ ಮಂಜುಳಮ್ಮನ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಾಳೆ, ಹೋದರೆ ಒಂದು ಗಂಟೆ. ಅಪ್ಪ ಹೋಳಿಗೆ ಉಂಡು ಒಳಗಿನ ರೂಮಿನಲ್ಲಿ ಮಲಗಿದ್ದಾನೆ, ಬಾಗಿಲು ಅರ್ಧ ತೆರೆದಿದೆ, ಮಂಚ ಆಗಾಗ ಕಿರ್ರೆನ್ನುತ್ತದೆ, ನಿದ್ದೆಯೋ ಎಚ್ಚರವೋ ಹೇಳುವುದು ಕಷ್ಟ, ಅಪ್ಪ ಎಚ್ಚರದಲ್ಲೂ ಹಾಗೆಯೇ, ಊಟ ಆಯ್ತಾ, ರೈಲು ಲೇಟಾ, ಇಷ್ಟೇ. ಪೆಟ್ಟಿಗೆ ಬಂದ ದಿನ ಯಾಕೆ ಎಂದು ಕೇಳಲಿಲ್ಲ, ಎಷ್ಟು ಎಂದೂ ಕೇಳಲಿಲ್ಲ, ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ಹಿಂದಿನ ಚೀಟಿಯಲ್ಲಿ ವೋಲ್ಟು ವ್ಯಾಟು ಓದಿ, ಮಗುವನ್ನು ಮಲಗಿಸುವ ಹಾಗೆ ಕೆಳಗಿಟ್ಟು ಹೋದ. ಮನೆಯಲ್ಲಿ ಯಾರೂ ನೋಡುತ್ತಿಲ್ಲ. ಒಂದು ಸ್ವಿಚ್ಚು. ಪೂಜೆಯನ್ನು ಕದಲಿಸಬೇಕಾಗಿಲ್ಲ, ಹೂವು ಹಾಗೇ ಇರಲಿ, ಗೆರೆ ಹಾಗೇ ಇರಲಿ, ಗೋಡೆಯ ಸ್ವಿಚ್ಚೊಂದನ್ನು ಹಾಕಿದರೆ — ಹಾಕಿದರೆ. ನಾಲ್ಕು ಹದಿನೆಂಟು. ಅಂಗೈ ಬೆವರುತ್ತಿದೆ, ಆಟದವರ ಕತ್ತಿನ ಬೆವರಲ್ಲ, ತನ್ನದೇ, ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ, ಮತ್ತೆ ಬರುತ್ತದೆ.

ಅಪ್ಪನ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಸುಟ್ಟುಹೋದ ಪಂಪಿನ ಮೋಟರಿಗೆ ಅಪ್ಪ ಹೊಸದಾಗಿ ತಂತಿ ಸುತ್ತಿ ಮುಗಿಸಿದ ಮೇಲೆ ಓಡಿಸಿ ನೋಡುವಾಗ, ಇವನು ಸ್ಟಾರ್ಟರಿನ ಹತ್ತಿರ ನಿಂತು ಹಾಕ್ಲಾ ಅಪ್ಪಾ ಎಂದು ಕೇಳಬೇಕು, ಅಪ್ಪ ಕೈ ಹಿಂದಕ್ಕೆ ತೆಗೆದು ಹಾಕು ಎನ್ನಬೇಕು, ಆಮೇಲೆ ಹಸಿರು ಗುಂಡಿ, ಕೇಳದೆ ಒತ್ತಿದವನು ಮನುಷ್ಯನೇ ಅಲ್ಲ ಎಂದು ಮೊದಲ ದಿನವೇ ಹೇಳಿದ್ದ, ನಗುತ್ತಲೇ ಹೇಳಿದ್ದ, ಆಗ ಅಪ್ಪ ನಗುತ್ತಿದ್ದ. ಪಿಯುಸಿ ಪರೀಕ್ಷೆ ಮುಗಿದ ರಜೆ, ಕಡಬದಿಂದ ಬಂದ ಐದು ಎಚ್‌ಪಿಯ ಮೋಟರು, ಅಪ್ಪ ಬೆಲ್ಟನ್ನು ಗಾಲಿಗೆ ಏರಿಸುತ್ತಿದ್ದಾನೆ, ಇವನ ಎಡಗೈಯಲ್ಲಿ ಫೋನು, ಫೋನಿನಲ್ಲಿ ಫುಟ್‌ಬಾಲು, ಪೆನಾಲ್ಟಿ, ಗೋಲ್‌ಕೀಪರನ ಕಣ್ಣು ಯಾವ ಕಡೆ, ಎಡಕ್ಕೆ ಹೊಡೆಯಲೇ ಬಲಕ್ಕೆ ಹೊಡೆಯಲೇ, ಬಲಗೈ ಗುಂಡಿಯ ಮೇಲೆ ಸುಮ್ಮನೆ ಕೂತಿದೆ, ಬಲಕ್ಕೆ ಎಂದು ಹೆಬ್ಬೆರಳು ಜಾರಿಸಿದ ಹೊತ್ತಿಗೇ ಆ ಕೈಯೂ — ಅಷ್ಟೇ, ಅದು ಯಾಕೆ ಒತ್ತಿತು ಎಂದು ಆ ಕೈಯನ್ನೇ ಕೇಳಬೇಕು. ಕೇಳಲಿಲ್ಲ ಅವನು, ಹಾಕ್ಲಾ ಎಂದು ಕೇಳಲಿಲ್ಲ. ಬೆಲ್ಟು ಪಟ್ಟೆಂದಿತು. ಅಪ್ಪ ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು, ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತುಬಿಟ್ಟ. ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, ನಾನೇ ನೋಡ್ಕೊಳ್ಳಿಲ್ಲ ಸಾರ್, ಬೆಲ್ಟು ಏರಿಸ್ತಿದ್ದೆ, ಕರೆಂಟು ಇರೋದು ಮರ್ತೆ. ಅಮ್ಮನಿಗೂ ಅದನ್ನೇ ಹೇಳಿದ, ಬೀದಿಯವರಿಗೂ ಅದನ್ನೇ, ಪಕ್ಕದಲ್ಲಿ ನಿಂತ ಇವನು ಬಾಯಿ ತೆರೆಯಲಿಲ್ಲ, ನಾಳೆ ಹೇಳೋಣ, ಹೊಲಿಗೆ ಬಿಚ್ಚಿದ ಮೇಲೆ ಹೇಳೋಣ, ಹೀಗೇ ಎಂಟು ವರ್ಷ. ಅಪ್ಪನ ಬಲಗೈಯ ನಡುವಿನ ಬೆರಳು ಮೇಲಿನ ಗೆಣ್ಣಿನವರೆಗೆ ಇಲ್ಲ. ಆಮೇಲೆ ಅಪ್ಪ ಸ್ಟಾರ್ಟರಿನ ಹತ್ತಿರ ಯಾರನ್ನೂ ನಿಲ್ಲಿಸಲಿಲ್ಲ, ಮೋಟರಿನಿಂದ ನಾಲ್ಕು ಹೆಜ್ಜೆ ತಾನೇ ನಡೆದು ತಾನೇ ಒತ್ತುತ್ತಾನೆ, ಆ ನಾಲ್ಕು ಹೆಜ್ಜೆಯ ಚಪ್ಪಲಿ ಸದ್ದು ಕೇಳಬಾರದೆಂದೇ ಕಿರಣ ಅಂಗಡಿಗೆ ಹೋಗುವುದನ್ನು ಬಿಟ್ಟದ್ದು, ಆಟ ಮಾತ್ರ ಬಿಡಲಿಲ್ಲ, ಬಿಡಬೇಕಿತ್ತು, ಬಿಟ್ಟು, ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದ್ದರೆ ಏನು ಹೇಳುವುದು.

ನಾಲ್ಕು ಇಪ್ಪತ್ತಾರು. ಎದ್ದದ್ದು ಯಾವಾಗ, ಗೋಡೆಯ ಹತ್ತಿರ ಬಂದದ್ದು ಯಾವಾಗ, ಬೆರಳು ಸ್ವಿಚ್ಚಿನ ಮೇಲಿದೆ, ನುಣ್ಣನೆ, ತಣ್ಣಗೆ. ಫೋನು ಜೇಬಿನಲ್ಲಿ ಅದುರುತ್ತದೆ, ತೆಗೆದು ನೋಡಿದರೆ ಚಂದ್ರುವಿನ ಮೆಸೇಜು, ಬಂದ್ಯೇನ್ಲಾ, ನಾನು ಕಂಟ್ರೋಲರ್ ಹಿಡ್ಕಂಡು ಕೂತಿವ್ನಿ. ಎಸಳು ಒಳಗೆ ಬಿದ್ದಿಲ್ಲ, ಹತ್ತಿರದಿಂದ ಕಾಣುತ್ತದೆ, ಅಂಚಿನಲ್ಲೇ ಇದೆ, ಸದ್ಯ — ಇನ್ನೊಂದು ಕೈಯ ಎರಡು ಬೆರಳಲ್ಲಿ ಎತ್ತಿಬಿಡೋಣವೆಂದು ಬಗ್ಗಿದವನಿಗೆ ಪೆಟ್ಟಿಗೆಯ ಪಕ್ಕದಲ್ಲಿ ಅಪ್ಪನ ಕರೆಂಟು ನೋಡುವ ಟೆಸ್ಟರು ಕಂಡಿತು, ಸದಾ ಅಂಗಿಯ ಜೇಬಿನಲ್ಲಿರುವ, ಹಿಡಿಯ ಹಳದಿ ಬಣ್ಣ ಸವೆದುಹೋದ ಟೆಸ್ಟರು, ಅದಕ್ಕೂ ವಿಭೂತಿ, ಅಮ್ಮ ಅದನ್ನು ಮುಟ್ಟುವವಳಲ್ಲ, ಅಮ್ಮ ಇಟ್ಟರೆ ವಿಭೂತಿ ರಂಗೋಲಿ ಎಳೆದಂತೆ ಮೂರೂ ಗೆರೆ ಸಮ, ಮಿಕ್ಸಿಯ ಮೇಲೆ ಸಮ, ಫ್ರಿಜ್ಜಿನ ಮೇಲೆ ಸಮ. ಈ ಪೆಟ್ಟಿಗೆಯ ಮೇಲೆ ಮೇಲಿನ ಗೆರೆ ಉದ್ದ, ಕೆಳಗಿನದು ಉದ್ದ, ನಡುವಿನದು ಅರ್ಧಕ್ಕೇ ನಿಂತಿದೆ. ಅಪ್ಪನ ಹಣೆಯಲ್ಲಿ, ತುದಿಯಿಲ್ಲದ ಬೆರಳಿಗೆ ಎಟುಕದೆ, ನಿಲ್ಲುವ ಹಾಗೆ. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಎದುರಿಗೆ ಕೂತು ತಿಂಡಿ ತಿನ್ನುವಾಗ ಕಿರಣ ನೋಡದೆ ತಪ್ಪಿಸುವ ಗೆರೆ. ಅಮ್ಮನಲ್ಲ, ಅಪ್ಪ ಇಟ್ಟದ್ದು, ಎದ್ದು ಸ್ನಾನ ಮಾಡಿ ಮಡಿಯಲ್ಲಿ ಬಂದು, ಸ್ವಿಚ್ಚು ಆರಿಸಿ, ಟೆಸ್ಟರು ಹಿಡಿದು ಕರೆಂಟಿಲ್ಲವೆಂದು ನೋಡಿಕೊಂಡು, ಆ ಕೈಯಿಂದಲೇ, ಇದಕ್ಕೆ, ಆಟಕ್ಕೆ. ಫೋನು ಮತ್ತೆ ಅದುರುತ್ತದೆ. ನಾಲ್ಕೂವರೆ. ಲೇ ಶುರುವಾಯ್ತು ಕಣೋ ಎಲ್ಲೋಗಿದ್ಯಾ — ಒಳಗೆ ಮಂಚ ಕಿರ್ರೆಂದಿತು, ನಿದ್ದೆಯಲ್ಲ, ಎಚ್ಚರ, ಅಪ್ಪ ಆಗಲೇ ಎಚ್ಚರವಿದ್ದನೇನೋ, ಕೇಳಿಸಿಕೊಳ್ಳುತ್ತಿದ್ದನೇನೋ, ಬೆರಳನ್ನು ಸ್ವಿಚ್ಚಿನಿಂದ ತೆಗೆಯಲಾರ, ಒತ್ತಲಾರ, ಎಂಟು ವರ್ಷದ ಹಿಂದೆ ಕೇಳದೆ ಬಿಟ್ಟದ್ದು ಈಗ ಪಿಯುಸಿ ಹುಡುಗನ ದನಿಯಲ್ಲಿ ಹೊರಗೆ ಬೀಳುತ್ತದೆ, ಹಾಕ್ಲಾ ಅಪ್ಪಾ. ಮಂಚದ ಸದ್ದು ನಿಂತಿತು. ಫೋನು ಅದುರಿ ಅದುರಿ ಸುಮ್ಮನಾಯಿತು. ಮೇಲಿನ ಗೆರೆ ಉದ್ದ, ಕೆಳಗಿನದು ಉದ್ದ, ನಡುವಿನದು ಅರ್ಧಕ್ಕೇ, ಅರ್ಧಕ್ಕೇ ನಿಂತ ನಡುವಿನ ಗೆರೆ, ನಡುವಿನ ಗೆರೆ.