ತಲೆಕಡೆ ಕೂತವನಿಗೆ ಮುಂಗಾಲ ಮೂಳೆ

೧

“ಅವನಿಗೆ ಯಾವ ಮೂಳೆಯಾದ್ರೂ ಹಾಕೋ. ಹೊಟ್ಟೆ ಕೊಯ್ದು ಮಗೂನ ಉಳಿಸಿದೋರು ಇವರು. ಅವನು ನಿದ್ದೆ ಮಾಡಿಸೋನು. ನಮ್ಮಜ್ಜಿ ತೊಟ್ಟಿಲು ತೂಗಿ ಅದನ್ನೇ ಮಾಡ್ತಿದ್ಲು, ಡಿಗ್ರಿ ಇಲ್ದೆ!”

ನಲವತ್ತು ಜನ ನಕ್ಕರು.

ಕಥೆ ಇಲ್ಲಿಂದ ಶುರುವಾಗಲೆ? ಅಥವಾ ಬೆಳಿಗ್ಗೆ ಕುರಿ ಕೊಯ್ದಲ್ಲಿಂದ? ಅಥವಾ ಐವತ್ತೆಂಟು ವರ್ಷ ಹಿಂದೆ, ಆ ‘ಅವನು’ ಹುಟ್ಟಿದಲ್ಲಿಂದ? ಗೊತ್ತಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಕುರಿ ಸಾಗಿಸುವ ಲಾರಿ ಓಡಿಸುತ್ತೇನೆ. ಕಥೆ ಬರೆಯುವುದೆಂದರೆ ಲಾರಿ ರಿವರ್ಸ್ ತೆಗೆದ ಹಾಗೆ ಅಂದುಕೊಂಡಿದ್ದೆ. ಅಲ್ಲ. (ಲಾರಿಗೆ ಕನ್ನಡಿಯಾದರೂ ಇರುತ್ತದೆ.)

ಸರಿ, ನಡೆದಷ್ಟು ಹೇಳಿಬಿಡುತ್ತೇನೆ. ಮಾತಾಡಿದವನು ಜಾಪಾರ್, ನಾರಿನ್ ಹೊಳೆಯ ದಂಡೆಯ ನಮ್ಮ ಹಳ್ಳಿಯ ದೊಡ್ಡ ಕುಳ. ಇಪ್ಪತ್ತು ದಿನದ ಹಿಂದೆ ಅವನ ಮೊಮ್ಮಗನ ಲಿವರಿನಿಂದ ನೀರುಗುಳ್ಳೆ ತೆಗೆದರು, ಅದಕ್ಕೆ ಈ ಔತಣ. ನಮ್ಮಲ್ಲಿ ಕುರಿಯ ಮೂಳೆ ಹಂಚುವುದು ವಯಸ್ಸು, ಮರ್ಯಾದೆ ನೋಡಿ. ಕುರಿಯ ತಲೆ ಸರ್ಜನ್ ನೂರ್ದೀನ್‌ನ ಮುಂದೆ ಬಂತು. ಇರಲಿ, ಮುಖ್ಯ ಅತಿಥಿ. ಆದರೆ ಟೊಂಕದ ಮೂಳೆ ಅತಿಥಿಗಳಲ್ಲಿ ಹಿರಿಯನಿಗೆ ಸೇರಬೇಕು. ಹಿರಿಯನೆಂದರೆ ತೊಕ್ತೊಸುನ್, ಅರಿವಳಿಕೆ ಡಾಕ್ಟರು, ನೂರ್ದೀನ್‌ಗಿಂತ ಹನ್ನೊಂದು ವರ್ಷ ದೊಡ್ಡವನು. ಅವನ ತಟ್ಟೆಗೆ ಬಿದ್ದದ್ದು ಮುಂಗಾಲ ಮೂಳೆ. ಮೀಸೆ ಮೂಡದ ಹುಡುಗರಿಗೆ ಕೊಡುವಂಥದ್ದು.

ಮೂಳೆ ಹಂಚಿದವನು ಜಾಪಾರನ ಸೋದರಳಿಯ. ಅವನ ಅಕ್ಕ ಬೂರುಲ್‌ಗೂ ಅದೇ ಗುಳ್ಳೆ, ಇನ್ನೂ ದೊಡ್ಡದು. ಸೋಮವಾರ ಆಪರೇಷನ್. ಇಡೀ ಜಿಲ್ಲೆಗೆ ಅರಿವಳಿಕೆ ಡಾಕ್ಟರು ಒಬ್ಬನೇ. ಅವನಿಗೇ ಈ ಮೂಳೆ.

೨ (ಹರಿದ ಕರಡು)

“ತೊಕ್ತೊಸುನ್ ಅವರು ೧೯೬೬ರಲ್ಲಿ ಕುರಿಗಾಹಿಗಳ ಕುಟುಂಬದಲ್ಲಿ ಜನಿಸಿದರು. ರಾಜಧಾನಿ ಫ್ರುಂಜೆಯಲ್ಲಿ ವೈದ್ಯಕೀಯ ವ್ಯಾಸಂಗ ಮುಗಿಸಿ, ಮೂವತ್ನಾಲ್ಕು ವರ್ಷಗಳಿಂದ ಜಿಲ್ಲಾಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ.”

ಥೂ. ಇದು ಸತ್ತವರ ಬಗ್ಗೆ ಬರೆಯುವ ರೀತಿ.

೩

ಮತ್ತೆ. ಅವನಿಗಿಂತ ಮೊದಲು ಮೂರು ಮಕ್ಕಳು ಹುಟ್ಟಿ ಹೋಗಿದ್ದವು. ಸಾವು ಇಲ್ಲಿಗೆ ನಿಲ್ಲಲಿ ಅಂತ ಇವನಿಗೆ ತೊಕ್ತೊಸುನ್, ಅಂದರೆ ‘ನಿಲ್ಲಲಿ’, ಎಂದು ಹೆಸರಿಟ್ಟರು. ನಿಲ್ಲಲಿಲ್ಲ. ಅವನಿಗೆ ಹನ್ನೊಂದಾದಾಗ ತಂಗಿ ಸಾಯ್ರಾಳ ಲಿವರಿನಲ್ಲಿ ಗುಳ್ಳೆ ಎದ್ದಿತು. ಸರ್ಜನ್ ಪಳಗಿದ ಕೈಯವನೇ. ಆದರೆ ಕೊಯ್ಯುವಾಗ ಗುಳ್ಳೆ ಒಡೆದು, ಅದರ ನೀರು ಒಳಗೆ ಚೆಲ್ಲಿ, ಮಗುವಿನ ಮೈಯೆಲ್ಲ ಕೆಂಪಾಗಿ ಬಿಪಿ ಕುಸಿಯಿತು. ತಲೆಕಡೆ ಈಥರ್ ಹಿಡಿದು ನಿಂತಿದ್ದ ನರ್ಸಿಗೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಅವಳು ಅಳತೊಡಗಿದಳು. ಬಾಗಿಲಾಚೆ ಕೂತಿದ್ದ ಅಣ್ಣನಿಗೆ ಆ ಅಳು ಕೇಳಿಸಿತು, ಮತ್ತು...

“ನಿಲ್ಸೋ,” ಅಂದ ತೊಕ್ತೊಸುನ್, ಈ ಸಾಲಿನ ಒಳಗಿಂದಲೇ.

“ಯಾಕೆ, ತೊಕೆ?” (ಹಿರಿಯರ ಹೆಸರು ಮೊಟಕು ಮಾಡಿ ‘ಕೆ’ ಸೇರಿಸಿದರೆ ನಮ್ಮಲ್ಲಿ ಗೌರವ. ಬರೆಯುವಾಗ ಅವನು, ಎದುರಿಗೆ ತೊಕೆ. ಔತಣದಲ್ಲಿ ಆ ‘ಕೆ’ ಯಾರ ಬಾಯಿಂದಲೂ ಬರಲಿಲ್ಲ.)

“ನನ್ನ ತಂಗೀನ ಯಾಕೆ ಇದರೊಳಗೆ ಎಳೀತೀಯ? ಓದೋರು ಅಯ್ಯೋ ಪಾಪ ಅನ್ಲಿ ಅಂತಾನಾ?”

“ಮತ್ತೆ? ನೀವ್ಯಾಕೆ ಈ ಕೆಲಸ ಹಿಡಿದ್ರಿ ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು?”

“ಸರ್ಜರಿ ಸೀಟು ಸಿಗ್ಲಿಲ್ಲ, ಅದಕ್ಕೆ ಅಂತ ಬರಿ.”

“ಸುಳ್ಳು. ಸಿಕ್ಕಿತ್ತು, ನೀವೇ ಬಿಟ್ರಿ. ‘ಡಾಕ್ಟ್ರಾದ್ಮೇಲೆ ಕೊಯ್ಯೋ ಡಾಕ್ಟ್ರಾಗೋಕೆ ಏನಾಗಿತ್ತೋ’ ಅಂತ ನಿಮ್ಮಪ್ಪ ಆರು ತಿಂಗಳು ಮಾತು ಬಿಟ್ಟಿದ್ರು. ತಲೆಕಡೆ ಯಾರಾದ್ರೂ ಬೇಕಲ್ಲಪ್ಪ ಅಂದಿದ್ರಿ ನೀವು. ಊರಿಗೆಲ್ಲ ಗೊತ್ತು.”

“ಇಷ್ಟೆಲ್ಲ ಗೊತ್ತಿದ್ದೋನು ಆ ಮೂಳೆ ಯಾಕೋ ಕೊಟ್ಟೆ?”

ಪೆನ್ನು ಕೆಳಗಿಟ್ಟೆ.

೪

ಹೌದು. ಆ ಸೋದರಳಿಯ ನಾನೇ. ‘ಅವನು’, ‘ಸೋದರಳಿಯ’ ಅಂತ ಬರೆದು ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದೆ. ಇಪ್ಪತ್ತೇಳು ವರ್ಷದ ಹೇಡಿ.

ಬೂರುಲ್‌ಗೆ ರಕ್ತ ಬೇಕು. ನಮ್ಮ ಆಸ್ಪತ್ರೆಯಲ್ಲಿ ರಕ್ತವನ್ನು ನೆಂಟರೇ ಹೊಂದಿಸಬೇಕು. ಅವಳ ಗುಂಪಿನವರು ಜಾಪಾರ್ ಮಾವನ ಇಬ್ಬರು ಗಂಡುಮಕ್ಕಳು ಮಾತ್ರ. ಮಾವ “ಯಾವ ಮೂಳೆಯಾದ್ರೂ ಹಾಕೋ” ಅಂದಾಗ ನನ್ನ ಬಲಗೈಯಲ್ಲಿ ಟೊಂಕದ ಮೂಳೆ ಇತ್ತು, ಬಿಸಿಬಿಸಿ. ಒಂದು ಕಡೆ ರಕ್ತ, ಇನ್ನೊಂದು ಕಡೆ ಅರಿವಳಿಕೆ. ಎರಡೂ ಇಲ್ಲದೆ ಅಕ್ಕ ಬದುಕುವುದಿಲ್ಲ. ನಾನು ರಕ್ತದ ಕಡೆ ವಾಲಿದೆ. ತೊಕ್ತೊಸುನ್ ಒಳ್ಳೆಯವನಲ್ಲವೆ, ತಡೆದುಕೊಳ್ಳುತ್ತಾನೆ, ಅಂದುಕೊಂಡೆ.

(ಒಳ್ಳೆಯವರ ಮೇಲೆ ನಾವು ಹೀಗೇ ಕಾಲಿಟ್ಟು ದಾಟುವುದು.)

೫

ಔತಣದಲ್ಲಿ ಯಾರೂ ಹೇಳದ ವಿಷಯ ಒಂದಿದೆ. ಜಾಪಾರನ ಮೊಮ್ಮಗನ ಗುಳ್ಳೆಯೂ ಒಡೆದಿತ್ತು. ಆಸ್ಪತ್ರೆಯಲ್ಲಿ ನೆಲ ಒರೆಸುವ ನಮ್ಮಮ್ಮ ಬಾಗಿಲ ಸಂದಿಯಿಂದ ಕಂಡದ್ದು ಇದು: ನೂರ್ದೀನ್ ಎರಡೂ ಕೈ ಮೇಲೆತ್ತಿ ಹಿಂದೆ ಸರಿದು ನಿಂತ. ತೊಕ್ತೊಸುನ್ ಸಿರಿಂಜಿನ ಮೇಲೆ ಸಿರಿಂಜು ಏರಿಸುತ್ತ, ಮಗುವಿನ ಕಿವಿಗೆ ಬಾಯಿಟ್ಟು, “ಹೋಗ್ಬೇಡ ಕಂದ, ಹೋಗ್ಬೇಡ” ಅನ್ನುತ್ತಲೇ ಇದ್ದ. ನಲವತ್ತು ನಿಮಿಷ. ಮಗು ಹೋಗಲಿಲ್ಲ.

ಔತಣದಲ್ಲಿ ಎಲ್ಲರೂ ನಕ್ಕಾಗ ನೂರ್ದೀನ್ ತನ್ನ ಚಹಾದ ಬಟ್ಟಲನ್ನೇ ನೋಡುತ್ತಿದ್ದ.

ತೊಕ್ತೊಸುನ್‌ನ ಹೆಂಡತಿ, ಮಗ ರಷ್ಯಾದಲ್ಲಿ. ಅಲ್ಲಿನ ಆಸ್ಪತ್ರೆಯೊಂದು ಇವನಿಗಾಗಿ ಆರು ವರ್ಷದಿಂದ ಕಾಯುತ್ತಿದೆ. ಪ್ರತಿ ಭಾನುವಾರ ಹೆಂಡತಿಯ ಫೋನು. “ಇದೊಂದು ಕೇಸ್ ಮುಗೀಲಿ, ಬಂದ್ಬಿಡ್ತೀನಿ” ಅನ್ನುತ್ತಾನೆ. ಈಗಿನ ‘ಇದೊಂದು ಕೇಸ್’ ನನ್ನ ಅಕ್ಕ.

೬ (ಅಂತ್ಯಗಳು, ಬೇಕಾದ್ದು ಆರಿಸಿಕೊಳ್ಳಿ)

ಅ. ನೂರ್ದೀನ್ ಎದ್ದು, ಟೊಂಕದ ಮೂಳೆಯನ್ನು ತೊಕ್ತೊಸುನ್‌ನ ಮುಂದಿಟ್ಟು, “ಮಗೂನ ಉಳಿಸಿದ್ದು ಇವರು” ಅನ್ನುತ್ತಾನೆ. ಎಲ್ಲರ ಕಣ್ಣಲ್ಲಿ ನೀರು. (ಬರೆದು ಮುಗಿಸಿ ನಾನೇ ನಕ್ಕೆ. ನೂರ್ದೀನ್‌ನನ್ನು ನೀವು ನೋಡಿಲ್ಲ.)

ಆ. ತೊಕ್ತೊಸುನ್ ಆ ಮೂಳೆಯನ್ನು ಜಾಪಾರನ ಮುಖಕ್ಕೆ ಬೀಸಿ ಎಸೆಯುತ್ತಾನೆ. ನನಗೆ ಬೇಕಾದದ್ದು ಇದೇ, ಮೂರು ಸಲ ಬರೆದೆ. ಮೂರು ಸಲವೂ ತೊಕ್ತೊಸುನ್ ಕೈ ಎತ್ತಲಿಲ್ಲ. “ತಿನ್ನೋ ಪದಾರ್ಥ ಎಸೀತಾರೇನೋ?” ಅಂದ.

ಇ. ನಡೆದದ್ದು.

ಊಟದ ಕೊನೆಯ ಪ್ರಾರ್ಥನೆಗೆಂದು ಎಲ್ಲರೂ ಅಂಗೈ ಚಾಚಿದ್ದರು. ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಏಳುವುದಿಲ್ಲ. ತೊಕ್ತೊಸುನ್ ಎದ್ದ. ಮೂಳೆಯ ಅವಮಾನಕ್ಕೇ ಎದ್ದ ಅಂದುಕೊಂಡೆ. ಆದರೆ ಅವನ ಕಣ್ಣು ತಟ್ಟೆಯ ಮೇಲಿರಲಿಲ್ಲ, ಅಂಗಳದ ಮೂಲೆಯಲ್ಲಿತ್ತು.

ಅಲ್ಲಿ ಜಾಪಾರನ ನಾಯಿ ಒಂದು ಲಿವರನ್ನು ಎಳೆದಾಡುತ್ತಿತ್ತು. ಬೆಳಿಗ್ಗೆ ಕುರಿ ಕೊಯ್ದವನು ನಾನು. ಲಿವರಿನ ತುಂಬ ನೀರುಗುಳ್ಳೆ. ಅತಿಥಿಗಳಿಗೆ ಆಗುವುದಿಲ್ಲ ಅಂತ ನಾಯಿಗೆ ಎಸೆದೆ. ನಮ್ಮಪ್ಪ ಎಸೆಯುತ್ತಿದ್ದ, ಊರೆಲ್ಲ ಎಸೆಯುತ್ತದೆ. ಕೊಯ್ದ ಹೊಟ್ಟೆಗೆ ಇನ್ನೂ ಪಟ್ಟಿ ಸುತ್ತಿಕೊಂಡಿದ್ದ ಮೊಮ್ಮಗ ಆ ನಾಯಿಯ ಕುತ್ತಿಗೆ ತಬ್ಬಿ, ಮೂತಿಗೆ ಮುತ್ತು ಕೊಡುತ್ತಿದ್ದ.

ಕುರಿಯ ಗುಳ್ಳೆ ನಾಯಿಗೆ, ನಾಯಿಯಿಂದ ಮಕ್ಕಳಿಗೆ, ದಯವಿಟ್ಟು ಹೂತುಹಾಕಿ ಅಂತ ಶಾಲೆ ಶಾಲೆ ಅಲೆದು ಹೇಳಿದವನು ತೊಕ್ತೊಸುನ್. ನಮ್ಮ ಒಂಬತ್ತನೇ ಕ್ಲಾಸಿಗೂ ಬಂದಿದ್ದ. ಕೊನೆಯ ಬೆಂಚಿನಲ್ಲಿ ಕೂತು ನಾನು ಅವನ ಗೊಗ್ಗರು ದನಿಯನ್ನು ಅಣಕಿಸುತ್ತಿದ್ದೆ. ಅಕ್ಕನ ಹೊಟ್ಟೆಗೆ ಆ ಗುಳ್ಳೆ ಯಾರ ಕೈಯಿಂದ ಹೋಯಿತೆಂದು ಇನ್ನು ಯಾರನ್ನು ಕೇಳಲಿ?

೭

ಪಾಲಿಗೆ ಬಂದ ಮೂಳೆಯನ್ನು ಅತಿಥಿ ಮನೆಗೊಯ್ಯಬೇಕು, ಬಿಟ್ಟು ಹೋಗುವಂತಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಹೊರಟುಬಿಟ್ಟಿದ್ದ ತೊಕ್ತೊಸುನ್‌ನ ಹಿಂದೆಯೇ ಓಡಿದೆ.

“ತೊಕೆ! ತೊಕೆ, ನಿಲ್ಲಿ! ನಿಮ್ ಮೂಳೆ!”

ನಿಂತ. ಚೀಲ ನೋಡಿದ. ಆಮೇಲೆ ನನ್ನ ಉಗುರು ನೋಡಿದ. ಬೆಳಗಿನ ರಕ್ತ ಸಂದಿಯಲ್ಲಿ ಒಣಗಿತ್ತು.

“ಬಯ್ರಿ ನನ್ನ. ಕಪಾಳಕ್ಕೆ ಹೊಡೀರಿ ಬೇಕಾದ್ರೆ. ಮೂಳೆಗೆ ಬೇಜಾರಾಗಿ ಹೊರಟ್ರೋ, ಆ ಲಿವರ್ ನೋಡಿ ಹೊರಟ್ರೋ, ಅದನ್ನಾದ್ರೂ ಹೇಳಿ. ಸೋಮವಾರ ಬರ್ತೀರಲ್ಲ? ಬೂರುಲ್ ಅಕ್ಕ ನಿಮ್ಮನ್ನೇ ನಂಬ್ಕೊಂಡಿದ್ದಾಳೆ. ತೊಕೆ?”

ಇಲ್ಲಿ ‘ಅವನು ತಲೆಯಾಡಿಸಿದ’ ಅಂತ ಬರೆದೆ, ಹೊಡೆದುಹಾಕಿದೆ. ‘ಉಗಿದ’ ಅಂತ ಬರೆದೆ, ಅದನ್ನೂ ಹೊಡೆದುಹಾಕಿದೆ. ಓದುಗರೆ, ಇವತ್ತು ಶನಿವಾರ. ಈ ಕಥೆಯೊಳಗೆ ಸೋಮವಾರ ಬರುವುದಿಲ್ಲ, ಬರಲು ನಾನು ಬಿಡುವುದಿಲ್ಲ. ಶನಿವಾರದಲ್ಲಿ ಅಕ್ಕ ಬದುಕಿದ್ದಾಳೆ.

ಹಿಂದೆ ಅಂಗಳದಲ್ಲಿ ನಲವತ್ತು ಜನ ಮುಖದ ಮೇಲೆ ಅಂಗೈ ಸವರಿ, ಪ್ರಾರ್ಥನೆ ಮುಗಿಸಿ ಓಮಿನ್ ಅಂದರು. ಚೀಲ ನನ್ನ ಕೈಯಲ್ಲೇ ಇತ್ತು. ತೊಕ್ತೊಸುನ್ ಕೋಟಿನ ಗುಂಡಿ ಹಾಕಿಕೊಂಡು, ಹೊಳೆಯ ದಾರಿಗೆ ಇಳಿದು ನಡೆದ.