ಹಿರಿಯರ ಮುಂದೆ ಅಂಗಾಲು

ಭಾನುವಾರ ಚರ್ಚು ಮುಗಿದ ಮೇಲೆ ನಮ್ಮ ಅಣ್ಣನ ಮನೆಯಲ್ಲಿ ಊಟ. ಅತ್ತಿಗೆ ಉನೈಸಿ ಬೆಳಗ್ಗೆಯೇ ಎದ್ದು ತೆಂಗಿನ ಹಾಲಿನಲ್ಲಿ ಮೀನು ಬೇಯಿಸಿ, ಕೆಸುವಿನ ಗಡ್ಡೆ, ಮರಗೆಣಸು ಬೇಯಿಸಿ ಇಟ್ಟಿರುತ್ತಿದ್ದಳು. ಚಾಪೆಯ ಮೇಲೆ ಉದ್ದಕ್ಕೆ ಬಟ್ಟೆ ಹಾಸಿ ಬಡಿಸುವುದು. ಮೇಲ್ತುದಿಯಲ್ಲಿ ಕುಲದ ಹಿರಿಯ ನೈಬುಕಾ ದೊಡ್ಡಪ್ಪ, ಅವರ ಕೆಳಗೆ ಗಂಡಸರು, ಬಾಗಿಲ ಹತ್ತಿರ ನಾವು ಹೆಂಗಸರು. ನಾವು ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಮಡಿಸಿ, ಪಾದವನ್ನು ಲಂಗದ ಅಡಿಯಲ್ಲಿ ಮುಚ್ಚಿಕೊಂಡು ಕೂರಬೇಕು. ದೊಡ್ಡಪ್ಪ ಎದ್ದು ಹೋಗುವ ತನಕ ಕಾಲು ಚಾಚುವಂತಿಲ್ಲ. ಅವರು ಕೂತಿರುವಾಗ ಅವರಿಗಿಂತ ಎತ್ತರಕ್ಕೆ ನಿಲ್ಲುವಂತಿಲ್ಲ. ಉಪ್ಪು ತರಲು ಎದ್ದರೂ ಬೆನ್ನು ಬಗ್ಗಿಸಿ, ‘ತುಲೋ, ತುಲೋ’ ಎಂದು ಕ್ಷಮೆ ಕೇಳುತ್ತಾ ಹೋಗಬೇಕು. ಇನ್ನು ಹಿರಿಯರ ಕಡೆಗೆ ಅಂಗಾಲು ತೋರಿಸುವುದೆಂದರೆ ಅವರ ಮುಖಕ್ಕೆ ಉಗುಳಿದ ಹಾಗೆ.

ನನಗೆ ಇದೆಲ್ಲ ಎಂದೂ ಕಷ್ಟವೆನಿಸಿರಲಿಲ್ಲ. ಹುಟ್ಟಿದಾಗಿನಿಂದ ಹಾಗೆಯೇ ಕೂತವಳು. ಕಾಲು ಜೋಮು ಹಿಡಿದರೆ ಹಿಡಿಯಲಿ, ಮರ್ಯಾದೆ ಮುಖ್ಯ ಎಂದು ನಂಬಿದವಳು. ಈಗ ಹೇಳಲು ಹೊರಟಿರುವುದು ಆ ಮರ್ಯಾದೆಯ ಕಥೆ, ಮತ್ತು ಅದರಲ್ಲಿ ನನ್ನ ಪಾಲು ಎಷ್ಟು ಎನ್ನುವ ಕಥೆ.

ನಾನು ಕೆಲೆರಾ. ದ್ವೀಪದ ಈ ಊರಿನಲ್ಲಿರುವ ಒಂದೇ ಅಂಗಡಿ ನನ್ನದು. ಅಂಗಡಿಯಲ್ಲಿ ಕೂತವರಿಗೆ ಅನುಮಾನ ಬೇಗ ಬರುತ್ತದೆ. ಯಾರ ಮನೆಗೆ ಡಬ್ಬಿ ಮಾಂಸ ಹೋಯಿತು, ಯಾರು ಸಕ್ಕರೆ ಬಿಟ್ಟೆ ಎಂದು ಹೇಳಿ ಬಿಸ್ಕತ್ತು ಒಯ್ದರು, ಎಲ್ಲ ನನಗೆ ಗೊತ್ತು. ತೆಂಗಿನೆಣ್ಣೆಗೆ ಮೊಕೊಸೋಯಿ ಹೂವು ಹಾಕಿ ಕುದಿಸಿ ಬಾಟಲಿ ತುಂಬಿ ಮಾರುವವಳೂ ನಾನೇ. ಘಮಘಮ ಎನ್ನುವ ಎಣ್ಣೆ. ಈ ಎಣ್ಣೆಯ ಮಾತು ಮುಂದೆ ಬರುತ್ತದೆ.

ಹೀಗಿರುವಾಗ ತೊರಿಕಾ ಅಕ್ಕ ಊರಿಗೆ ಮರಳಿದಳು. ನಮ್ಮ ಕುಲದವಳೇ. ಮೂವತ್ತು ವರ್ಷ ಬೇರೆ ದ್ವೀಪದ ಪಟ್ಟಣದಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಬಂದ ಎರಡನೇ ವಾರವೇ ಚರ್ಚಿನ ಬಾಗಿಲಲ್ಲಿ ನಿಂತು ಹೇಳಿದಳು: “ಮಂಗಳವಾರ ಮಂಗಳವಾರ ಸಮುದಾಯ ಭವನಕ್ಕೆ ಬನ್ನಿ. ಯೋಗ ಹೇಳಿಕೊಡ್ತೀನಿ. ಮಂಡಿ ನೋವಿರೋರು, ಸಕ್ಕರೆ ಕಾಯಿಲೆಯವರು, ದಪ್ಪ ಇರೋರು, ಎಲ್ಲಾರೂ ಬನ್ನಿ. ಪುಕ್ಕಟೆ.”

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಹುಬ್ಬು ಮೇಲೇರಿತು. ಹಿಂದೊಮ್ಮೆ ಇಬ್ಬರು ಹೀಗೇ ಪುಕ್ಕಟೆ ಎಂದು ಬಂದು, ಕೊನೆಗೆ ಯಾವುದೋ ಹಣ್ಣಿನ ರಸದ ಬಾಟಲಿಗಳನ್ನು ಅರ್ಧ ಊರಿಗೆ ತಗುಲಿಸಿ ಹೋಗಿದ್ದರು.

“ಕೊನೇಲಿ ಏನು ಮಾರ್ತೀಯಕ್ಕ? ಮಾತ್ರೆನಾ, ರಸನಾ?” ಎಂದು ಕೇಳಿಯೇಬಿಟ್ಟೆ.

“ಉಸಿರು ಮಾರ್ತೀನಿ ಕಣೇ,” ಎಂದು ನಕ್ಕಳು. “ನಿನ್ನ ಮೂಗಿನಿಂದಲೇ ತೆಗೆದು ನಿನಗೇ ಕೊಡ್ತೀನಿ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸೀದಾ ನೈಬುಕಾ ದೊಡ್ಡಪ್ಪನ ಮನೆಗೆ ಹೋಗಿ ವಿಷಯ ಮುಟ್ಟಿಸಿದೆ.

ತೊರಿಕಾ ಪದ್ಧತಿ ಮರೆತವಳಲ್ಲ. ಮರುದಿನ, ನಾವು ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟು ತಂದು ದೊಡ್ಡಪ್ಪನ ಮುಂದಿಟ್ಟು, ತಲೆ ತಗ್ಗಿಸಿ ಅಪ್ಪಣೆ ಕೇಳಿದಳು. ಬೇರನ್ನು ಮುಟ್ಟಿದರೆ ಒಪ್ಪಿದ ಹಾಗೆ. ದೊಡ್ಡಪ್ಪ ಮುಟ್ಟಲೇ ಇಲ್ಲ.

“ಅದು ಕಬ್ಬಿನ ಗದ್ದೆಯ ಹಿಂದೂಗಳ ಪೂಜೆ ಅಲ್ಲವೇನಮ್ಮಾ?” ಎಂದರು.

“ಪೂಜೆ ಅಲ್ಲ ದೊಡ್ಡಪ್ಪ. ಕೈಕಾಲು ಆಡಿಸೋದು, ಉಸಿರು ಎಳೆದು ಬಿಡೋದು. ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬ ನರ್ಸ್ ಕಲಿಸಿದಳು. ಅವಳು ಅವಳ ದೇವರನ್ನ ನೆನೀತಿದ್ದಳು, ನಾನು ನಮ್ಮ ದೇವರನ್ನ ನೆನೀತಿದ್ದೆ. ಮಂಡಿ ಇಬ್ಬರದ್ದೂ ವಾಸಿಯಾಯ್ತು.”

“ನಮ್ಮ ಹೆಂಗಸರು ಏಡಿ ಹಿಡೀತಾರೆ, ಸೌದೆ ಹೊರ್ತಾರೆ, ಚಾಪೆ ನೇಯ್ತಾರೆ. ಕೈಕಾಲು ಆಡ್ಸಲ್ಲ ಅಂತ ಯಾರು ಹೇಳಿದ್ದು ನಿಂಗೆ?”

“ಆಡಿಸ್ತಾರೆ. ಆದರೆ ಆ ಕಾಲಿಗೆ ಏನಾಗಿದೆ ಅಂತ ನೋಡ್ಕೊಳ್ಳಲ್ಲ. ಸಕ್ಕರೆ ಕಾಯಿಲೆ ಬಂದರೆ ಪಾದಕ್ಕೆ ಸ್ಪರ್ಶ ಹೋಗತ್ತೆ ದೊಡ್ಡಪ್ಪ. ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ. ಆಸ್ಪತ್ರೇಲಿ ಕಾಲು ತೆಗೆಸಿಕೊಂಡವರ ಪಕ್ಕ ಎಷ್ಟು ಸಲ ನಿಂತಿದೀನಿ ಅಂತ ನಿಮಗೆ ಹೇಗೆ ಹೇಳಲಿ?”

ದೊಡ್ಡಪ್ಪ ಯೋಚನೆಗೆ ಬಿದ್ದರು. ಆಗ ಬಾಗಿಲ ಬಳಿ ಕೂತಿದ್ದ ನಾನು ಬಾಯಿ ಹಾಕಿದೆ. ಇವತ್ತಿಗೂ ಆ ನಾಲಿಗೆಯನ್ನು ಕಚ್ಚಿಕೊಳ್ಳುತ್ತೇನೆ. “ದೊಡ್ಡಪ್ಪ, ಅನುಮಾನ ಇದ್ರೆ ನೀವೇ ಬಂದು ಎದುರಿಗೆ ಕೂತ್ಕೊಂಡು ನೋಡಿ. ಕೆಟ್ಟದ್ದಿದ್ರೆ ಕಾಣತ್ತಲ್ಲ,” ಎಂದೆ.

ಅವರಿಗೆ ಹಿಡಿಸಿತು. ಬೇರನ್ನು ಮುಟ್ಟಿ, ಚಪ್ಪಾಳೆ ತಟ್ಟಿ ಒಪ್ಪಿಗೆ ಕೊಟ್ಟರು. ತೊರಿಕಾಳ ಮುಖ ಮಾತ್ರ ಬಾಡಿತು. ಯಾಕೆಂದು ನನಗೆ ಮಂಗಳವಾರ ತಿಳಿಯಿತು.

ಭವನದ ಮೇಲ್ತುದಿಯಲ್ಲಿ ದೊಡ್ಡಪ್ಪ ಚಕ್ಕಂಬಕ್ಕಳ ಹಾಕಿ ಕೂತರು. ಇಪ್ಪತ್ತು ಹೆಂಗಸರು ಬಾಗಿಲ ಕಡೆ ಕೂತೆವು. “ಎದ್ದು ನಿಂತು ಕೈ ಮೇಲೆತ್ತಿ,” ಎಂದಳು ತೊರಿಕಾ. ಯಾರೂ ಅಲ್ಲಾಡಲಿಲ್ಲ. ಹಿರಿಯರು ಕೂತಿರುವಾಗ ಅವರ ತಲೆಯ ಮೇಲೆ ಕೈ ಎತ್ತುವುದುಂಟೇ? “ಹಾಗಾದ್ರೆ ಕಾಲು ಮುಂದಕ್ಕೆ ಚಾಚಿ,” ಎಂದಳು. ಎಲ್ಲರೂ ಪಾದವನ್ನು ಇನ್ನಷ್ಟು ಒಳಗೆ ಎಳೆದುಕೊಂಡರು. ತಿರುಗಿ ಕೂರೋಣವೆಂದರೆ ದೊಡ್ಡಪ್ಪನಿಗೆ ಬೆನ್ನು ತೋರಿಸಿದ ಹಾಗಾಗುತ್ತದೆ. ಕೊನೆಗೆ ಇಪ್ಪತ್ತು ಹೆಂಗಸರು ಮುದುರಿ ಕೂತು ಒಂದು ಗಂಟೆ ಹೊತ್ತು ಮೂಗಿನಲ್ಲಿ ಸುಯ್ ಸುಯ್ ಎನ್ನಿಸಿದೆವು. ಉನೈಸಿ ನನ್ನ ಕಿವಿಯಲ್ಲಿ, “ಕೆಲೆರಾ, ಇಷ್ಟೇ ಆದ್ರೆ ನಿನ್ನ ಅಣ್ಣ ದಿನಾ ಮಲಗಿದ ತಕ್ಷಣ ಮಾಡ್ತಾನೆ,” ಎಂದಳು. ನಗು ತಡೆಯಲು ಲಂಗದ ಅಂಚು ಕಚ್ಚಬೇಕಾಯಿತು.

ಉಸಿರಾಟದಿಂದಲೂ ಲಾಭವಾಯಿತು. ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ಎಷ್ಟೋ ಜನ ಹೇಳಿದರು. ಆದರೆ ತೊರಿಕಾಳಿಗೆ ಮುಖ್ಯವಾಗಿ ಬೇಕಿದ್ದದ್ದು ಪ್ರತಿ ಪಾಠದ ಕೊನೆಯ ಭಾಗ. ಎದುರುಬದುರು ಕೂತು ಒಬ್ಬರ ಪಾದ ಒಬ್ಬರು ತೊಡೆಯ ಮೇಲಿಟ್ಟುಕೊಂಡು, ಅಂಗಾಲು ನೋಡಿ, ಬೆರಳಿನ ಸಂದು ನೋಡಿ, ಒತ್ತಿ ತಿರುಗಿಸುವುದು. ಅದೊಂದು ನಡೆಯಲೇ ಇಲ್ಲ.

ಮೂರನೇ ವಾರ ಅವಳು ಮೊಣಕಾಲ ಮೇಲೆ ನಡೆದು ದೊಡ್ಡಪ್ಪನ ಹತ್ತಿರ ಹೋದಳು. “ಕೊನೇ ಹತ್ತು ನಿಮಿಷ ನೀವು ಹೊರಗೆ ಮಾವಿನ ಮರದ ಕೆಳಗೆ ಕೂತಿರ್ತೀರಾ ದೊಡ್ಡಪ್ಪ?”

“ನಾನು ನೋಡಬಾರದ್ದು ಏನಿದೆ ಅದರಲ್ಲಿ?”

“ಅಂಗಾಲು ನೋಡ್ಕೋಬೇಕು.”

“ಅಂಗಾಲನ್ನ ನೆಲ ನೋಡ್ಕೊಳತ್ತೆ. ಸಭೇಲಿ ಕಾಲು ಚಾಚೋದನ್ನ ನಮ್ಮಮ್ಮ ಕಲಿಸಲಿಲ್ಲ. ನಾನು ಬದುಕಿರೋವರೆಗೆ ಇಲ್ಲಿ ನಡೆಯಲ್ಲ.”

ಆಮೇಲೆ ತೊರಿಕಾ ಕಾಲು ನೋಡುತ್ತೇನೆಂದು ಮನೆ ಮನೆ ಸುತ್ತಲು ಶುರು ಮಾಡಿದಳು. ಇದರಿಂದ ನನ್ನ ಅನುಮಾನ ಇನ್ನೂ ಬಲಿಯಿತು. ಕೈಯಲ್ಲೊಂದು ಪುಸ್ತಕ ಬೇರೆ, ಹೆಸರು ಬರೆದುಕೊಳ್ಳುತ್ತಾಳೆ. ಯಾರಿಗೆ ಕೊಡಲು? ಉನೈಸಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ನಾನು ಓಡಿಹೋಗಿ ಹೇಳಿದೆ: “ಅತ್ತಿಗೆ, ಅವಳಿಗೆ ಕಾಲು ತೋರಿಸಬೇಡಿ. ಹೆಸರು ಬರ್ಕೊಂಡು ಲಂಬಾಸಾ ಆಸ್ಪತ್ರೆಗೆ ಕಳಿಸ್ತಾಳೆ. ಅಲ್ಲಿ ಹೋದವರ ಕಾಲು ಕತ್ತರಿಸ್ತಾರೆ. ಹೋದ ವರ್ಷ ಆಚೆ ಊರಿನವನ ಗತಿ ನೋಡಿದ್ರಲ್ಲ.”

ತೊರಿಕಾ ಬಂದಾಗ ಉನೈಸಿ ಬಾಗಿಲಲ್ಲೇ, “ನನ್ನ ಕಾಲು ಗಟ್ಟಿ ಇದೆ ಅಕ್ಕ, ಚಹಾ ಕುಡಿದು ಹೋಗು,” ಎಂದು ಕಳಿಸಿಬಿಟ್ಟಳು.

ಆ ದಿನಗಳಲ್ಲಿ ನಾವೆಲ್ಲ ಒಂದು ಮದುವೆಗೆಂದು ಕೇದಗೆ ಎಲೆಯ ಚಾಪೆ ನೇಯುತ್ತಿದ್ದೆವು. ಎಲೆಯ ಅಂಚಿನ ಮುಳ್ಳನ್ನು ಸೀಳಿ ತೆಗೆದು ಪಕ್ಕಕ್ಕೆ ಹಾಕುವುದು ಉನೈಸಿಯ ಕೆಲಸ. ಬರಿಗಾಲಲ್ಲಿ ಓಡಾಡುವಾಗ ಮುಳ್ಳು ಚುಚ್ಚಿದರೆ ಬೇರೆಯವರು ‘ಅಯ್ಯೋ’ ಎಂದು ಕೂರುತ್ತಾರೆ, ಕಿತ್ತು ಎಸೆಯುತ್ತಾರೆ. ಅವಳಿಗೆ ಚುಚ್ಚಿದ್ದು ಅವಳಿಗೇ ಗೊತ್ತಾಗಲಿಲ್ಲ.

ಮುಂದಿನ ವಾರಗಳಲ್ಲಿ ಅವಳು ನನ್ನಲ್ಲಿ ಹೂವಿನೆಣ್ಣೆ ಕೊಳ್ಳಲು ಶುರು ಮಾಡಿದಳು. ವರ್ಷಕ್ಕೆ ಒಂದು ಬಾಟಲಿ ಮುಗಿಸದವಳು ವಾರಕ್ಕೊಂದು ಒಯ್ದಳು. “ಏನತ್ತಿಗೆ, ಈ ವಯಸ್ಸಲ್ಲಿ ಯಾರಿಗೋಸ್ಕರ ಈ ಘಮಘಮ?” ಎಂದು ಛೇಡಿಸಿದೆ. “ನಿನ್ನ ಅಣ್ಣ ಓಡಿಹೋಗದೆ ಇರ್ಲಿ ಅಂತ,” ಎಂದಳು. ಮುಖದಲ್ಲಿ ನಗುವಿರಲಿಲ್ಲ. ನಾನು ಎಂಥ ಪಾಪಿಯೆಂದರೆ, ಅವಳ ನಡತೆಯ ಮೇಲೂ ಅನುಮಾನಪಟ್ಟೆ. ನೈಬುಕಾ ದೊಡ್ಡಪ್ಪನೂ ಅದೇ ತಿಂಗಳು ಒಂದು ಬಾಟಲಿ ತರಿಸಿಕೊಂಡರು, ಮಂಡಿಗೆ ಎಂದು. ಅದರ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಹಿರಿಯರಲ್ಲವೇ!

ಆರನೇ ಮಂಗಳವಾರ ಉನೈಸಿ ನನ್ನ ಪಕ್ಕ ಕೂತಿದ್ದಳು. ಹೂವಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಬಿಸಿಲಲ್ಲಿ ಮರೆತ ಮೀನಿನದ್ದು. ಅವಳ ಮೈ ಕೆಂಡದಂತೆ ಸುಡುತ್ತಿತ್ತು. “ಅತ್ತಿಗೆ, ಕಾಲು ಸ್ವಲ್ಪ ಚಾಚಿ,” ಎಂದು ಪಿಸುಗುಟ್ಟಿದೆ. “ದೊಡ್ಡ ಮಾವ ಕೂತಿದಾರಲ್ಲೇ,” ಎಂದಳು. ಅಷ್ಟು ಹೇಳಿ ಪಕ್ಕಕ್ಕೆ ಒರಗಿದಳು. ಲಂಗ ಸರಿಯಿತು.

ಅಂಗಾಲಿನ ನಡುವೆ ನನ್ನ ಹೆಬ್ಬೆರಳು ಹೋಗುವಷ್ಟು ಗುಂಡಿ. ಸುತ್ತ ಕಪ್ಪು. ವಾಸನೆ ಬರದಿರಲೆಂದು ಎಣ್ಣೆ ಹಚ್ಚಿ ಸುತ್ತಿದ್ದ ಬಟ್ಟೆ ಜಾರಿಬಿದ್ದಿತ್ತು.

ಲಂಬಾಸಾದಲ್ಲಿ ಮಂಡಿಯ ಕೆಳಗಿನ ಕಾಲನ್ನು ತೆಗೆದರು. ಮುಳ್ಳಿನ ತುಂಡು ಒಳಗೇ ಇತ್ತಂತೆ. ಮೂರು ವಾರ ಮುಂಚೆ ಬಂದಿದ್ದರೆ ತೊಳೆದು ಕಟ್ಟಿ ಕಳಿಸುತ್ತಿದ್ದೆವು ಎಂದರು ಡಾಕ್ಟರು. ತೊರಿಕಾ ಆಸ್ಪತ್ರೆಯ ಜಗಲಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. “ಒಂದು ಅಂಗೈಯಷ್ಟಗಲ ಚರ್ಮ ನೋಡೋಕೆ ಎಷ್ಟು ಜನರ ಅಪ್ಪಣೆ ಬೇಕಾಯ್ತು ಕೆಲೆರಾ,” ಎಂದಳು. ನಾನು ತಪ್ಪೊಪ್ಪಿಕೊಳ್ಳಬೇಕೆಂದು ಉನೈಸಿಯ ಮಂಚದ ಬಳಿ ಹೋದೆ. ಬಾಯಿ ತೆರೆಯುವ ಮುಂಚೆಯೇ ಅವಳು ಹೇಳಿದಳು: “ನೀನು ಹೇಳಿದ್ದೇ ನಿಜ ಆಯ್ತು ನೋಡು. ಇಲ್ಲಿ ಬಂದ್ರೆ ಕತ್ತರಿಸ್ತಾರೆ.” ಅವಳದು ಕುಹಕವಲ್ಲ, ಹಾಗೆಂದೇ ನಂಬಿದ್ದಳು. ಅದೇ ನನ್ನನ್ನು ಕೊಂದಿತು.

ಎರಡು ತಿಂಗಳ ನಂತರ ಅವಳು ಊರಿಗೆ ಬಂದ ದಿನ ಭವನದಲ್ಲಿ ಸ್ವಾಗತ ಇಟ್ಟುಕೊಂಡರು. ಯಂಗೋನಾ ಕಲಸಿದರು, ಊಟವಾಯಿತು. ಮೇಲ್ತುದಿಯಲ್ಲಿ ದೊಡ್ಡಪ್ಪ, ಬಾಗಿಲ ಕಡೆ ನಾವು. ಉನೈಸಿಯನ್ನು ಎತ್ತಿ ತಂದು ಚಾಪೆಯ ಮೇಲೆ ಕೂರಿಸಿದರು. ಗಾಯದ ಕಟ್ಟಿನಿಂದಾಗಿ ಮಂಡಿ ಮಡಿಸಲು ಬರುತ್ತಿರಲಿಲ್ಲ. ಮೊಂಡುಗಾಲು ನೆಟ್ಟಗೆ ದೊಡ್ಡಪ್ಪನ ಕಡೆಗೇ ಚಾಚಿಕೊಂಡಿತ್ತು. ನಾನೇ, ಅಭ್ಯಾಸ ಬಿಡಬೇಕಲ್ಲ, ಬಗ್ಗಿಕೊಂಡು ಹೋಗಿ ಅದರ ಮೇಲೆ ಬಟ್ಟೆ ಹೊದಿಸಿದೆ. “ತುಲೋ ಹೇಳಿ ಅತ್ತಿಗೆ,” ಎಂದೆ.

ಉನೈಸಿ ಬಟ್ಟೆಯನ್ನು ಕಿತ್ತು ಪಕ್ಕಕ್ಕೆ ಹಾಕಿದಳು.

“ಯಾಕೆ ಹೇಳ್ಬೇಕು?” ಎಂದಳು ಗಟ್ಟಿಯಾಗಿ. “ದೊಡ್ಡ ಮಾವ, ಅಂಗಾಲು ತೋರಿಸಿದ್ರೆ ತಾನೇ ತಪ್ಪು? ಅಂಗಾಲು ಎಲ್ಲಿದೆ ಇಲ್ಲಿ?”

ದೊಡ್ಡಪ್ಪ ಮುಖ ತಗ್ಗಿಸಿದರು. “ಮಗಳೇ, ಪದ್ಧತಿ...”

“ಆರು ವಾರ ನಿಮ್ಮ ಎದುರಿಗೆ ಕೂತಿದ್ದೆ. ನಿಮ್ಮ ಮರ್ಯಾದೆಗೆ ಒಂದು ಕಾಲು ಕೊಟ್ಟಿದೀನಿ. ಇನ್ನೊಂದು ಕೊಡಲ್ಲ.” ಹೀಗೆಂದು ಅವಳು ಉಳಿದ ಕಾಲನ್ನು ಚಾಚಿ, ಅಂಗಾಲನ್ನು ನೇರ ಹಿರಿಯರ ಮುಖಕ್ಕೆ ಹಿಡಿದಳು. “ತೊರಿಕಾ ಅಕ್ಕ, ಬಾ. ನೋಡು.”

ತೊರಿಕಾ ಎದ್ದಳು. ಬೆನ್ನು ಬಗ್ಗಿಸಲಿಲ್ಲ, ತುಲೋ ಎನ್ನಲಿಲ್ಲ. ನೆಟ್ಟಗೆ ನಡೆದುಬಂದು ಕೂತು, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳ ಸಂದು ಬಿಡಿಸಿ ನೋಡತೊಡಗಿದಳು. ನನ್ನ ಪಕ್ಕದ ಮುದುಕಿ ಲಂಗದ ಅಡಿಯಿಂದ ಕಾಲು ಹೊರಗೆಳೆದಳು. ಆಮೇಲೆ ಇನ್ನೊಬ್ಬಳು. ಸ್ವಲ್ಪ ಹೊತ್ತಿನಲ್ಲಿ ಬಾಗಿಲ ಕಡೆಯೆಲ್ಲ ಅಂಗಾಲುಗಳೇ. ನಾನೂ ಚಾಚಿದೆ.

ಆಗ ದೊಡ್ಡಪ್ಪನನ್ನು ನೋಡಿದೆ. ಸಿಟ್ಟಾಗಿ ಎದ್ದುಹೋಗಬೇಕಿತ್ತು, ಹೋಗಲಿಲ್ಲ. ಏಳಲು ಆಗದವರ ಹಾಗೆ ಕೂತಿದ್ದರು. ಜೀವಮಾನವಿಡೀ ಕೇಡನ್ನೇ ಮಾಡಿದ ನನ್ನ ಅನುಮಾನ ಅಂದು ಮೊದಲ ಸಲ ಸರಿಯಾದ ಕಡೆಗೆ ತಿರುಗಿತು.

“ದೊಡ್ಡಪ್ಪ,” ಎಂದೆ, “ಈ ತಿಂಗಳು ನನ್ನ ಅಂಗಡಿಯಿಂದ ಮೂರು ಬಾಟಲಿ ಹೂವಿನೆಣ್ಣೆ ತರಿಸಿಕೊಂಡಿದೀರಿ. ಅಷ್ಟೂ ಮಂಡಿಗೇನಾ?”

ಅವರು ನನ್ನನ್ನು ಕೆಕ್ಕರಿಸಿ ನೋಡಿದರು. ಆಮೇಲೆ ಉನೈಸಿಯ ಮೊಂಡುಗಾಲನ್ನು ಬಹಳ ಹೊತ್ತು ನೋಡಿದರು. ಕೊನೆಗೆ, ಆ ಬಾಯಿಂದ ನಾನು ಎಂದೂ ಕೇಳಿರದ ಮಾತು ಬಂತು, ಬಾಗಿಲ ಕಡೆ ಕೂತ ನಮಗೆ.

“ತುಲೋ,” ಎಂದರು. ಪಂಚೆಯ ಅಡಿಯಿಂದ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದರು.

ತೊರಿಕಾ ಹತ್ತಿರ ಹೋಗಿ, ಸುತ್ತಿದ್ದ ಬಟ್ಟೆ ಬಿಚ್ಚಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು.

“ಒಂದು ಬೆರಳು ಮಾತ್ರ,” ಎಂದಳು. “ಇನ್ನೂ ಹೊತ್ತು ಮೀರಿಲ್ಲ. ಕೆಲೆರಾ, ಲಂಬಾಸಾ ಬಸ್ಸು ಎಷ್ಟು ಗಂಟೆಗೆ?”